ಎರಡು ವಾರದಲ್ಲಿ ಇಂಗ್ಲಿಷ್ ಕಾಂಪೋಸಿಷನ್ ಮುಗಿಯುತ್ತದೆಯೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ತಿಪಟೂರು ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬಿ.ಕಾಂ. ಎರಡನೇ ವರ್ಷದಲ್ಲಿ ಮದುವೆಯಾಗಿ ಓದು ಅಲ್ಲಿಗೇ ನಿಂತಿತು. ಒಂಬತ್ತು ವರ್ಷದಿಂದ ಡಲ್ಲಾಸ್ ಹತ್ತಿರ ಇದ್ದೇವೆ, ನನ್ನದು ಗಂಡನ ಎಚ್-1ಬಿ ಕೆಲಸದ ವೀಸಾದ ಮೇಲೆ ಸಿಗುವ ಎಚ್-4 ವೀಸಾ. ಮಕ್ಕಳು ಸ್ವಲ್ಪ ದೊಡ್ಡವರಾದ್ದರಿಂದ ಅಕೌಂಟಿಂಗ್ ಡಿಗ್ರಿ ಮುಗಿಸೋಣ ಅಂತ ಕಾಲೇಜಿಗೆ ಹೋಗಿ ವಿಚಾರಿಸಿದೆ. ಅಡ್ವೈಸರ್ ಮೊದಲು ಇಂಗ್ಲಿಷ್ ಕಾಂಪೋಸಿಷನ್, ಅಂದರೆ ಪ್ರಬಂಧ ಬರೆಯುವ ಕೋರ್ಸು, ಒಂದು ಮತ್ತು ಎರಡು ಮುಗಿಸಿಕೊಳ್ಳಿ ಅಂದರು. ಇಲ್ಲಿನ ಗೆಳತಿಯೊಬ್ಬಳು ‘ಕ್ಲಾಸಿಗೆ ಯಾಕೆ ಹೋಗ್ತೀಯಾ, ಆನ್‌ಲೈನಲ್ಲಿ ಸೆಲ್ಫ್-ಪೇಸ್ಡ್ ಕೋರ್ಸ್ ತಗೋ, ನಿನ್ನ ಗತಿಯಲ್ಲೇ ಓದಬಹುದು, ಎರಡು ವಾರದಲ್ಲಿ ಮುಗಿಯುತ್ತೆ’ ಅನ್ನುತ್ತಾಳೆ. ನಿಜವೇ? ಅಲ್ಲಿ ಪಾಠ ಮಾಡುವವರು ಇರುತ್ತಾರಾ? ನನ್ನ ಇಂಗ್ಲಿಷ್ ಸಾಲುತ್ತದಾ ಅನ್ನುವ ಭಯ ಇದೆ. ಎಂಟನೇ ಕ್ಲಾಸಿನ ಮಗಳ ಹತ್ತಿರ ತಿದ್ದಿಸಿಕೊಂಡರೆ ತಪ್ಪಾಗುತ್ತದಾ?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಎರಡು ವಾರದಲ್ಲಿ ಮುಗಿಸಿದವರನ್ನು ನಾನೇ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಇಲ್ಲೇ ಹೈಸ್ಕೂಲು ಓದಿ, ಆಫೀಸಿನಲ್ಲಿ ಹತ್ತಾರು ವರ್ಷ ರಿಪೋರ್ಟು ಬರೆದು, ಡಿಗ್ರಿಯ ಕಾಗದವೊಂದು ಬಾಕಿ ಇದ್ದವರು. ಅವರು ಬರೆಯುವುದನ್ನು ಕಲಿಯಲು ಬಂದವರಲ್ಲ, ಬರುತ್ತದೆ ಎಂದು ತೋರಿಸಿ ಹೋಗಲು ಬಂದವರು. ಲೆಕ್ಕ ಹಾಕಿ ನೋಡಿ: ಅಮೆರಿಕದಲ್ಲಿ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಮನೆಗೆಲಸ, ಹೀಗೆ ಸುಮಾರು 15 ವಾರ. ಕಾಂಪೋಸಿಷನ್ ಮೂರು ಕ್ರೆಡಿಟ್ಟಿನದು, ಅಂದರೆ 135 ಗಂಟೆ. ಎರಡು ವಾರಕ್ಕೆ ಹಂಚಿದರೆ ದಿನಕ್ಕೆ ಹತ್ತಿರ ಹತ್ತಿರ ಹತ್ತು ಗಂಟೆ. ಮಕ್ಕಳ ಟಿಫನ್ ಬಾಕ್ಸು, ಬಸ್ಸಿನ ಹೊತ್ತು, ಸಂಜೆಯ ಕ್ಲಾಸುಗಳ ನಡುವೆ ಅದು ಆಗದ ಮಾತು. ವಾರಕ್ಕೆ ಹತ್ತು-ಹನ್ನೆರಡು ಗಂಟೆ ಸಿಕ್ಕರೆ ಮೂರು ತಿಂಗಳು ಎಂದುಕೊಳ್ಳಿ. ಅದರೊಳಗೆ ಮುಗಿದರೆ ಲಾಭ.

ಹೆಚ್ಚಿನವರು ಕೇಳದೇ ಹಣ ಕಳೆದುಕೊಳ್ಳುವ ವಿಷಯ ಒಂದಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ‘ಸೆಲ್ಫ್-ಪೇಸ್ಡ್’ ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಬೇರೆ ಬೇರೆ ಜಾತಿಯ ಸರಕು ಮಾರಾಟವಾಗುತ್ತದೆ. ಕೆಲವು ವಿಶ್ವವಿದ್ಯಾಲಯಗಳು ತಾವೇ ನಡೆಸುವ ಕೋರ್ಸುಗಳಿವೆ. ಯಾವಾಗ ಬೇಕಾದರೂ ಸೇರಬಹುದು, ಮುಗಿಸಲು ಕೆಲವು ತಿಂಗಳ ಗಡುವು, ಕೊನೆಗೆ ಆ ವಿಶ್ವವಿದ್ಯಾಲಯದ್ದೇ ಅಂಕಪಟ್ಟಿ. ಸೋಫಿಯಾ, ಸ್ಟ್ರೇಟರ್‌ಲೈನ್, ಸ್ಟಡಿ ಡಾಟ್ ಕಾಮ್ ಇವು ಬೇರೆ ಬಗೆಯವು. ಇವು ಕಾಲೇಜುಗಳಲ್ಲ. ಇವುಗಳ ಕೋರ್ಸನ್ನು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ಎಂಬ ಸಂಸ್ಥೆ ಪರಿಶೀಲಿಸಿ ‘ಇದಕ್ಕೆ ಮೂರು ಕ್ರೆಡಿಟ್ ಕೊಡಬಹುದು’ ಎಂದು ಶಿಫಾರಸು ಮಾಡುತ್ತದೆ. 1918ರಲ್ಲಿ ಹುಟ್ಟಿದ ಗೌರವಾನ್ವಿತ ಸಂಸ್ಥೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಶಿಫಾರಸು ಶಿಫಾರಸೇ. ಒಪ್ಪುವುದು ಬಿಡುವುದು ನೀವು ಸೇರುವ ಕಾಲೇಜಿಗೆ ಬಿಟ್ಟದ್ದು. ಒಂದು ಕಾಲೇಜು ಕಣ್ಣು ಮುಚ್ಚಿ ತೆಗೆದುಕೊಂಡದ್ದನ್ನು ಹತ್ತು ಮೈಲಿ ಆಚೆಯ ಇನ್ನೊಂದು ಕಾಲೇಜು ವಾಪಸು ಕಳಿಸಬಹುದು. ಒಪ್ಪಿದರೂ ಕೆಲವು ಕಡೆ ಅದನ್ನು ‘ಐಚ್ಛಿಕ’ದ ಖಾನೆಗೆ ಹಾಕಿ, ಕಡ್ಡಾಯವಾದ ಕಾಂಪೋಸಿಷನ್ ಖಾನೆ ಖಾಲಿಯೇ ಉಳಿಸುತ್ತಾರೆ. ಕ್ರೆಡಿಟ್ ಬಂತು, ಕೆಲಸ ಆಗಲಿಲ್ಲ.

ಟೆಕ್ಸಸ್‌ನಲ್ಲಿರುವ ನಿಮಗೆ ಇದು ಇನ್ನೂ ಮುಖ್ಯ. ಅಲ್ಲಿನ ಸರ್ಕಾರಿ ಕಮ್ಯುನಿಟಿ ಕಾಲೇಜುಗಳಿಗೆಲ್ಲ, ಅಂದರೆ ಎರಡು ವರ್ಷದ ಸ್ಥಳೀಯ ಕಾಲೇಜುಗಳಿಗೆ, ಒಂದೇ ಕೋರ್ಸ್ ಸಂಖ್ಯೆ: ಕಾಂಪೋಸಿಷನ್ ಒಂದು ಅಂದರೆ 1301, ಎರಡು ಅಂದರೆ 1302. ಡಿಗ್ರಿಯ 120 ಕ್ರೆಡಿಟ್‌ಗಳಲ್ಲಿ 42 ಎಲ್ಲರಿಗೂ ಸಾಮಾನ್ಯವಾದ ‘ಕೋರ್’, ಅದರಲ್ಲಿ ಸಂವಹನಕ್ಕೆಂದು ಆರು. ಟೆಕ್ಸಸ್‌ನ ಸರ್ಕಾರಿ ಕಮ್ಯುನಿಟಿ ಕಾಲೇಜಿನಲ್ಲಿ 1301 ಪಾಸಾದರೆ ರಾಜ್ಯದ ಇನ್ನೊಂದು ಸರ್ಕಾರಿ ವಿಶ್ವವಿದ್ಯಾಲಯ ಅದನ್ನು ಒಪ್ಪಲೇಬೇಕು. ಸೋಫಿಯಾದಂಥ ಕಡೆ ತಿಂಗಳ ಚಂದಾ ಕಟ್ಟಿ ಮಾಡಿದ ಕೋರ್ಸಿಗೆ ಈ ಭದ್ರತೆ ಇಲ್ಲ.

ಹಾಗಾಗಿ ಸೇರುವ ಮೊದಲು ನೀವು ಕೊನೆಗೆ ಡಿಗ್ರಿ ಪಡೆಯಲಿರುವ ಕಾಲೇಜಿನ ರಿಜಿಸ್ಟ್ರಾರ್ ಕಚೇರಿಗೆ ಇಮೇಲ್ ಬರೆಯಿರಿ. ಫೋನಿನಲ್ಲಿ ‘ಸಾಮಾನ್ಯವಾಗಿ ಒಪ್ತೀವಿ’ ಎಂದರೆ ಅದನ್ನು ನಂಬಿ ಹಣ ಕಟ್ಟಬೇಡಿ. ಇಂಥ ಸಂಸ್ಥೆಯ ಇಂಥ ಹೆಸರಿನ ಕೋರ್ಸ್ ನಿಮ್ಮಲ್ಲಿ 1301ಕ್ಕೆ ಸಮ ಎಂದು ದಾಖಲಾಗುತ್ತದೆಯೇ, ಆಮೇಲೆ 1302 ಸೇರಲು ಅದು ಸಾಕೇ, ಹೊರಗಿನಿಂದ ಒಟ್ಟು ಎಷ್ಟು ಕ್ರೆಡಿಟ್ ತರಬಹುದು, ಇವಿಷ್ಟನ್ನು ಕೇಳಿ. ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಎರಡು ವರ್ಷದ ನಂತರ, ಅಡ್ವೈಸರ್ ಬದಲಾದ ಮೇಲೆ, ಅಂಥ ಒಂದು ಇಮೇಲೇ ಮೂರು ಕ್ರೆಡಿಟ್ ಉಳಿಸಿಕೊಟ್ಟಿತು. ಊರಲ್ಲಿ ಮುಗಿಸಿದ ಬಿ.ಕಾಂ. ಒಂದು ವರ್ಷದ ಅಂಕಪಟ್ಟಿಯೂ ನಿಮ್ಮ ಹತ್ತಿರ ಇರಬೇಕಲ್ಲ, ಅದನ್ನು ಮೌಲ್ಯಮಾಪನ ಮಾಡಿಸಿದರೆ ಕೆಲವು ಕ್ರೆಡಿಟ್ ಸಿಗಬಹುದು. ಕಾಂಪೋಸಿಷನ್‌ಗೆ ಮಾತ್ರ ಅದರಿಂದ ವಿನಾಯಿತಿ ಸಿಗುವುದು ಅಪರೂಪ.

ಇನ್ನು ಕೋರ್ಸಿನ ಒಳಗೆ ಏನಾಗುತ್ತದೆ? ನಮ್ಮ ಮೈಸೂರಿನ ಕರೆಸ್ಪಾಂಡೆನ್ಸ್ ಕೋರ್ಸು ನಿಮಗೆ ಗೊತ್ತಿರುತ್ತದೆ, ಮನೆಗೆ ಪುಸ್ತಕ ಬರುವುದು, ಓದಿಕೊಂಡು ಪರೀಕ್ಷೆಗೆ ಹೋಗಿ ಕೂರುವುದು. ಹಾಗೆ ಇರಬಹುದು ಎಂದುಕೊಂಡು ಸೇರಿದವರು ಮೊದಲ ತಿಂಗಳಲ್ಲೇ ಕಕ್ಕಾಬಿಕ್ಕಿಯಾಗುತ್ತಾರೆ. ಕಾಂಪೋಸಿಷನ್‌ನಲ್ಲಿ ಬಾಯಿಪಾಠ ಮಾಡುವ ಪಠ್ಯವೇ ಇಲ್ಲ. ಸಣ್ಣ ಸಣ್ಣ ಪಾಠಗಳಿರುತ್ತವೆ, ಪ್ರತಿ ಪಾಠದ ಕೊನೆಗೆ ನಾಲ್ಕಾರು ಕ್ವಿಜ್ ಪ್ರಶ್ನೆ, ಘಟಕದ ಕೊನೆಗೆ ಒಂದು ಪರೀಕ್ಷೆ. ಇಷ್ಟನ್ನು ಕಂಪ್ಯೂಟರೇ ತಿದ್ದುತ್ತದೆ. ಇದು ಮಾತ್ರ ನಿಜವಾಗಿ ನಿಮ್ಮ ಗತಿಯದು. ರಾತ್ರಿ ಹನ್ನೊಂದಕ್ಕೆ ಕೂತು ಐದು ಪಾಠ ಮುಗಿಸಿದರೂ ತಡೆಯುವವರಿಲ್ಲ.

ಕೋರ್ಸಿನ ತೂಕ ಇರುವುದು ಪ್ರಬಂಧಗಳಲ್ಲಿ. ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದಾರೆ, ಸೋಫಿಯಾದವರು ಟಚ್‌ಸ್ಟೋನ್ ಎನ್ನುತ್ತಾರೆ. ಸಾಮಾನ್ಯವಾಗಿ ಮೊದಲನೆಯದು ನಿಮ್ಮದೇ ಬದುಕಿನ ಒಂದು ಘಟನೆ, ಆಮೇಲೆ ಯಾರೋ ಬರೆದ ಲೇಖನದ ವಿಶ್ಲೇಷಣೆ, ಆಮೇಲೆ ಒಂದು ವಾದ, ಕೊನೆಗೆ ಅದೇ ವಾದದ ತಿದ್ದಿದ ರೂಪ. ಇವನ್ನು ತಿದ್ದುವುದು ಮನುಷ್ಯರು. ಕೈಯಲ್ಲಿ ರೂಬ್ರಿಕ್ ಎಂಬ ಅಂಕ ಹಂಚಿಕೆಯ ಕೋಷ್ಟಕ ಹಿಡಿದು, ವಾದಕ್ಕೆ ಇಷ್ಟು, ಜೋಡಣೆಗೆ ಇಷ್ಟು, ಆಧಾರಕ್ಕೆ ಇಷ್ಟು, ವ್ಯಾಕರಣಕ್ಕೆ ಇಷ್ಟು ಎಂದು ಅಂಕ ಹಾಕಿ, ಪಕ್ಕದಲ್ಲಿ ನಾಲ್ಕು ಸಾಲು ಬರೆದು ಕಳಿಸುತ್ತಾರೆ. ಅವರ ಹೆಸರೂ ನಿಮಗೆ ತಿಳಿಯದೇ ಇರಬಹುದು. ಆ ನಾಲ್ಕು ಸಾಲು ಬರಲು ಕೆಲವು ದಿನ ಹಿಡಿಯುತ್ತದೆ. ಎಷ್ಟೋ ಕೋರ್ಸುಗಳಲ್ಲಿ ಹಿಂದಿನದರ ಅಂಕ ಬರದೆ ಮುಂದಿನದನ್ನು ಕಳಿಸುವ ಹಾಗಿಲ್ಲ. ಓದುವ ಗತಿ ನಿಮ್ಮದಾದರೂ ತಿದ್ದುವ ಗತಿ ಅವರದು. ಗೆಳತಿಯ ಎರಡು ವಾರ ಮುಗ್ಗರಿಸುವುದು ಇಲ್ಲೇ.

ನಿಮ್ಮ ಭಯದ ವಿಷಯಕ್ಕೆ ಬರುತ್ತೇನೆ. ಈ ಕೋರ್ಸು ಹೊರದೇಶದಿಂದ ಬಂದವರಿಗೆ ಇಂಗ್ಲಿಷ್ ಕಲಿಸಲು ಹುಟ್ಟಿದ್ದಲ್ಲ. 1874ರಲ್ಲಿ ಹಾರ್ವರ್ಡ್ ತನ್ನ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಬರವಣಿಗೆ ಸೇರಿಸಿತು. ಒಳ್ಳೆಯ ಮನೆತನದ, ಇಂಗ್ಲಿಷನ್ನೇ ಆಡಿಕೊಂಡು ಬೆಳೆದ ಹುಡುಗರು ಬರೆದದ್ದು ನೋಡಿ ಮೇಷ್ಟರುಗಳು ತಲೆ ಚಚ್ಚಿಕೊಂಡರು. ಮುಂದಿನ ದಶಕದಲ್ಲಿ ‘ಇಂಗ್ಲಿಷ್ ಎ’ ಎಂಬ ಕೋರ್ಸು ಮೊದಲ ವರ್ಷದವರಿಗೆ ಕಡ್ಡಾಯವಾಯಿತು. ಈಗಿನ 1301 ಅದರದೇ ವಂಶ. ಅಂದರೆ ಮಾತು ಬರುವವರಿಗೂ ಬರವಣಿಗೆ ಬರುವುದಿಲ್ಲ ಎಂಬ ಅನುಮಾನದ ಮೇಲೆ ನಿಂತ ಕೋರ್ಸು ಇದು. ನಿಮ್ಮ ಪಕ್ಕದ ಮನೆಯ ಅಮೆರಿಕದ ಹುಡುಗನೂ ಇದರಲ್ಲಿ ಪೇಚಾಡುತ್ತಾನೆ. ಅವನಿಗೆ ‘ಎ’, ‘ದ’ ಎಲ್ಲಿ ಹಾಕಬೇಕೆಂದು ಗೊತ್ತು, ನಿಮಗೆ ಅಲ್ಲಲ್ಲಿ ತಪ್ಪುತ್ತದೆ. ರೂಬ್ರಿಕ್ಕಿನಲ್ಲಿ ಅದಕ್ಕಿರುವ ಪಾಲು ಸಣ್ಣದು.

ನಿಮಗೆ ಕಷ್ಟವಾಗುವುದು ಬೇರೆ ಕಡೆ. ನೀವು ತಿಪಟೂರಿನವರು, ಹಾಗಾಗಿ ಹೀಗೆ ಹೇಳುತ್ತೇನೆ. ಮನೆಗೆ ನೆಂಟರೊಬ್ಬರು ಸಾಲ ಕೇಳಲು ಬಂದರು ಎನ್ನಿ. ಕೂತು, ನೀರು ಕುಡಿದು, ಮಳೆ ಹೇಗೆ ಅಂದು, ಕೊಬ್ಬರಿ ರೇಟಿನ ಬಗ್ಗೆ ಅರ್ಧ ಗಂಟೆ ಮಾತಾಡಿ, ಕಾಫಿ ಮುಗಿಸಿ, ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ‘ಅದೇನಿಲ್ಲ, ಒಂದು ಮಾತು ಕೇಳೋಣ ಅಂತ ಬಂದಿದ್ದೆ’ ಎನ್ನುತ್ತಾರೆ. ನಮಗೆ ಅದು ಮರ್ಯಾದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದವೂ ಕೊನೆಗೇ ಬರುತ್ತದೆ. ಶಾಲೆಯಲ್ಲಿ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಕಲಿತೆವಲ್ಲ, ಆ ಪೀಠಿಕೆಯೂ ಈ ಕೊಬ್ಬರಿ ರೇಟಿನಂಥದ್ದೇ: ‘ಇಂದಿನ ಆಧುನಿಕ ಯುಗದಲ್ಲಿ ಮೊಬೈಲ್ ಮಾನವನ ಅವಿಭಾಜ್ಯ ಅಂಗವಾಗಿದೆ.’ ಅಮೆರಿಕದ ಕಾಂಪೋಸಿಷನ್ ಮೇಷ್ಟರಿಗೆ ಹೊಸ್ತಿಲು ದಾಟುವಾಗಲೇ ಸಾಲದ ಮೊತ್ತ ಕೇಳಿಸಬೇಕು. ಮೊದಲ ಪ್ಯಾರಾದಲ್ಲೇ ನಿಮ್ಮ ವಾದ ಏನೆಂದು ಒಂದು ವಾಕ್ಯದಲ್ಲಿ ಹೇಳಬೇಕು. ಅದನ್ನು ಥೀಸಿಸ್ ಎನ್ನುತ್ತಾರೆ.

ಇಲ್ಲೇ ನಮ್ಮವರಲ್ಲಿ ಹತ್ತಕ್ಕೆ ಎಂಟು ಜನ ಎಡವುತ್ತಾರೆ. ‘ಮೊಬೈಲಿನಿಂದ ಅನುಕೂಲವೂ ಇದೆ, ಅನಾನುಕೂಲವೂ ಇದೆ’ ಎಂದು ಬರೆಯುತ್ತಾರೆ. ಅದು ಥೀಸಿಸ್ ಅಲ್ಲ, ಯಾರೂ ಜಗಳ ಆಡದ ಮಾತು. ‘ಮಿಡಲ್ ಸ್ಕೂಲಿನಲ್ಲಿ ಊಟದ ಹೊತ್ತಿನಲ್ಲೂ ಫೋನ್ ಕೈಗೆ ಕೊಡಬಾರದು, ಏಕೆಂದರೆ ಹೊಸ ಮಗುವಿಗೆ ಗೆಳೆಯರು ಸಿಗುವ ಹೊತ್ತು ಅದೊಂದೇ’ ಎಂದು ಬರೆದರೆ ಥೀಸಿಸ್. ಇದಕ್ಕೆ ‘ಇಲ್ಲ, ನಾನು ಒಪ್ಪಲ್ಲ, ನನ್ನ ಮಗಳಿಗೆ ಏನಾದರೂ ಆದರೆ ಫೋನ್ ಬೇಡವಾ?’ ಎಂದು ಎದುರಾಡುವ ತಾಯಿ ಇದ್ದಾಳೆ. ಅವಳ ಮಾತನ್ನು ನಿಮ್ಮ ಪ್ರಬಂಧದೊಳಗೆ ಮರ್ಯಾದೆಯಿಂದ ಕೂರಿಸಿ, ಆಮೇಲೆ ಉತ್ತರ ಕೊಡಬೇಕು. ಮನೆಯಲ್ಲಿ ದಿನಾ ಮಾಡುವುದೇ ಅದನ್ನು. ಕಾಗದದ ಮೇಲೆ ಮಾಡಿ ರೂಢಿ ಇಲ್ಲ, ಅಷ್ಟೇ.

ಇನ್ನೊಂದು ರೂಢಿಯನ್ನು ಬಿಡಬೇಕು. ಊರಲ್ಲಿ ಒಮ್ಮೆ ಬರೆದರೆ ಮುಗಿಯಿತು. ಉತ್ತರಪತ್ರಿಕೆಗೆ ದಾರ ಕಟ್ಟಿ ಕೊಟ್ಟು ಬಂದರೆ ಮತ್ತೆ ಅದರ ಮುಖ ನೋಡುವುದಿಲ್ಲ. ಇಲ್ಲಿ ಕರಡು ಬರೆದು, ಅದನ್ನು ಒಡೆದು ಮತ್ತೆ ಕಟ್ಟಬೇಕು, ಆಮೇಲೆ ‘ನಾನು ಏನು ಬದಲಿಸಿದೆ, ಯಾಕೆ ಬದಲಿಸಿದೆ’ ಎಂದೂ ಒಂದು ಪುಟ ಬರೆಯಬೇಕು. ತಿದ್ದುವುದೆಂದರೆ ಸ್ಪೆಲ್ಲಿಂಗ್ ನೋಡುವುದಲ್ಲ. ಮೂರನೇ ಪ್ಯಾರಾವನ್ನು ಮೊದಲಿಗೆ ತರುವುದು, ಕಷ್ಟಪಟ್ಟು ಬರೆದ ಒಂದು ಪ್ಯಾರಾವನ್ನು ಕಿತ್ತೇ ಹಾಕುವುದು, ಇದು ತಿದ್ದುವುದು. ಕರಡಿಗೂ ಕೊನೆಯ ರೂಪಕ್ಕೂ ಎಂಟು ಅಲ್ಪವಿರಾಮದ ವ್ಯತ್ಯಾಸ ಮಾತ್ರ ಇದ್ದರೆ ಅಂಕ ಹೋಯಿತು.

ತರಗತಿಯಲ್ಲಿ ಇದು ತಾನಾಗಿ ಆಗುತ್ತದೆ. ನಿಮ್ಮ ಕರಡನ್ನು ಪಕ್ಕದವಳು ಓದುತ್ತಾಳೆ, ಒಂದು ಕಡೆ ಹುಬ್ಬು ಗಂಟಿಕ್ಕುತ್ತಾಳೆ, ಅಲ್ಲಿ ಏನೋ ಅರ್ಥವಾಗಲಿಲ್ಲ ಎಂದು ನಿಮಗೆ ತಿಳಿಯುತ್ತದೆ. ಸ್ವಂತ ಗತಿಯ ಕೋರ್ಸಿನಲ್ಲಿ ಆ ಹುಬ್ಬು ಇಲ್ಲ. ಮೊದಲ ಸಲ ನಿಮ್ಮ ಬರಹ ಓದುವವರೇ ಅಂಕ ಹಾಕುವವರು. ಹದಿನಾಲ್ಕು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಈ ಪಾಠ ಮಾಡಿದ ಮೇಲೆ ನನಗೆ ಅನ್ನಿಸುವುದು, ಇಂಥ ಕೋರ್ಸಿನ ದೊಡ್ಡ ಕೊರತೆ ಮೇಷ್ಟರಿಲ್ಲದ್ದಲ್ಲ, ಓದುಗರಿಲ್ಲದ್ದು. ನೀವು ಕೋರ್ಸಿಗೆ ಹಣ ಕಟ್ಟುವ ಮೊದಲು ಓದುಗರೊಬ್ಬರನ್ನು ಗೊತ್ತುಮಾಡಿಕೊಳ್ಳಬೇಕು. ನಿಮ್ಮ ಹತ್ತಿರದ ಲೈಬ್ರರಿಗಳಲ್ಲಿ ಬರವಣಿಗೆ ಗುಂಪುಗಳಿರುತ್ತವೆ, ಕನ್ನಡ ಕೂಟದಲ್ಲಿ ಕಾಲೇಜು ಓದುವ ಮಕ್ಕಳಿರುತ್ತಾರೆ, ಕೆಲವು ಕೋರ್ಸುಗಳೇ ಆನ್‌ಲೈನ್ ಟ್ಯೂಟರ್ ಸೌಲಭ್ಯ ಕೊಡುತ್ತವೆ. ಕೊನೆಯದನ್ನು ಸೇರುವಾಗಲೇ ವಿಚಾರಿಸಿ. ನಿಯಮ, ಉಲ್ಲೇಖದ ಕ್ರಮ, ಕಾಮಾ ಪೂರ್ಣವಿರಾಮಗಳಿಗೆ ಪರ್ಡ್ಯೂ ವಿಶ್ವವಿದ್ಯಾಲಯದ ‘ಔಲ್’ ಎಂಬ ಉಚಿತ ತಾಣ ಸಾಕು. ಅದು ನಿಯಮ ಹೇಳುತ್ತದೆ, ನಿಮ್ಮನ್ನು ಓದುವುದಿಲ್ಲ.

ಹಣದ ಮಾತು. ಚಂದಾ ಕಟ್ಟುವ ಕೆಲವು ಕಡೆ ತಿಂಗಳಿಗೆ ಸುಮಾರು ನೂರು ಡಾಲರ್. ನಿಮ್ಮ ಲೆಕ್ಕದಲ್ಲಿ ಮೂರು ತಿಂಗಳಿಗೆ ಮುನ್ನೂರು, ಕೆಲವು ಕಡೆ ಕೋರ್ಸಿಗೆಂದು ಬೇರೆ ಶುಲ್ಕವೂ ಇದೆ. ಗಡುವು ಇಲ್ಲದ ಕೋರ್ಸು ಮುಂದೂಡಿದಷ್ಟೂ ಮೀಟರ್ ಓಡುತ್ತಿರುತ್ತದೆ. ಎಚ್-4ನಲ್ಲಿರುವವರಿಗೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ನೆರವು ಸಿಗದು. ಆದರೆ ಟೆಕ್ಸಸ್‌ನಲ್ಲಿ ಎಚ್-1ಬಿ, ಎಚ್-4ನವರೂ ನೆಲೆಸಿದವರೆಂದು ಪರಿಗಣನೆಗೆ ಬರಬಹುದು. ಒಂಬತ್ತು ವರ್ಷ ಇದ್ದವರು ನೀವು, ಸ್ಥಳೀಯರ ಶುಲ್ಕ ಅನ್ವಯಿಸುತ್ತದೆಯೇ ಎಂದು ಕಮ್ಯುನಿಟಿ ಕಾಲೇಜಿನಲ್ಲಿ ಕೇಳಿ ನೋಡಿ. ಅನ್ವಯಿಸಿದರೆ ಅಲ್ಲಿನ ಖರ್ಚಿಗೂ ಇದಕ್ಕೂ ಅಂಥ ದೊಡ್ಡ ಅಂತರ ಉಳಿಯದು, ಜೊತೆಗೆ ಕರಡು ಓದಿ ಸಲಹೆ ಕೊಡುವ ರೈಟಿಂಗ್ ಸೆಂಟರ್ ಬಾಗಿಲು ತೆರೆಯುತ್ತದೆ. ಎಚ್-4ನಲ್ಲಿ ಓದಲು ಅಡ್ಡಿಯಿಲ್ಲ, ಆನ್‌ಲೈನ್ ಆದರೂ ಸರಿ. ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವವರು ಇದನ್ನು ಓದುತ್ತಿದ್ದರೆ ಎಚ್ಚರ: ಪೂರ್ಣಾವಧಿಯ ಲೆಕ್ಕಕ್ಕೆ ಒಂದು ಸೆಮಿಸ್ಟರಿನಲ್ಲಿ ಒಂದೇ ಆನ್‌ಲೈನ್ ಕೋರ್ಸು ಸೇರುತ್ತದೆ.

ಕೋರ್ಸೇ ಬೇಡ, ಪರೀಕ್ಷೆ ಬರೆದು ದಾಟಬಹುದು ಎಂದೂ ಯಾರಾದರೂ ಹೇಳುತ್ತಾರೆ. ಅದು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಕ್ಲೆಪ್. ಅದರ ಕಾಲೇಜ್ ಕಾಂಪೋಸಿಷನ್ ಪರೀಕ್ಷೆಯಲ್ಲಿ 50 ಬಹು ಆಯ್ಕೆಯ ಪ್ರಶ್ನೆ, ಎರಡು ಪ್ರಬಂಧ, ಒಟ್ಟು ಎರಡು ಗಂಟೆ ಐದು ನಿಮಿಷ. ಒಂದು ಪ್ರಬಂಧಕ್ಕೆ 30 ನಿಮಿಷ, ಕೊಟ್ಟ ಎರಡು ಆಧಾರಗಳನ್ನು ಬಳಸಿ ಬರೆಯುವ ಇನ್ನೊಂದಕ್ಕೆ 40. ಅಂಕ 20ರಿಂದ 80ರವರೆಗೆ, 50 ಬಂದರೆ ಆರು ಕ್ರೆಡಿಟ್ ಕೊಡಬಹುದೆಂಬ ಶಿಫಾರಸು ಇದೆ, ಅಂದರೆ ಎರಡೂ ಕೋರ್ಸು ಒಂದೇ ಏಟಿಗೆ. ಕೇಳಲು ಸೊಗಸು. ಗಡಿಯಾರ ನೋಡಿಕೊಂಡು ಎರಡನೇ ಭಾಷೆಯಲ್ಲಿ ವಾದ ಕಟ್ಟುವುದು ಬೇರೆಯೇ ಸರ್ಕಸ್ಸು. ಈಗಲೇ ನಿಮಗೆ ಅದನ್ನು ಹೇಳಲಾರೆ. ಎರಡು-ಮೂರು ಪ್ರಬಂಧ ಬರೆದು ಕೈ ಪಳಗಿದ ಮೇಲೂ ಧೈರ್ಯ ಬಂದರೆ ನೋಡಿ, ಅದಕ್ಕೂ ಕಾಲೇಜು ಒಪ್ಪುತ್ತದೆಯೇ ಎಂಬ ಇಮೇಲ್ ಬೇಕೇ ಬೇಕು.

ಚಾಟ್‌ಜಿಪಿಟಿ ಬಗ್ಗೆ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಅದರಿಂದ ಬರೆಸಬೇಡಿ ಎನ್ನುವುದು ಎಲ್ಲರಿಗೂ ಗೊತ್ತು. ಅದರಿಂದ ಬರೆಸದೆಯೂ ಸಿಕ್ಕಿಬೀಳಬಹುದು ಎನ್ನುವುದು ಕಡಿಮೆ ಜನಕ್ಕೆ ಗೊತ್ತು. ಯಂತ್ರ ಬರೆದದ್ದೋ ಮನುಷ್ಯರು ಬರೆದದ್ದೋ ಎಂದು ಪತ್ತೆ ಹಚ್ಚುವ ಸಾಫ್ಟ್‌ವೇರ್‌ಗಳು, ಇಂಗ್ಲಿಷ್ ತಾಯ್ನುಡಿಯಲ್ಲದವರ ಬರಹವನ್ನು ಯಂತ್ರದ್ದೆಂದು ತಪ್ಪಾಗಿ ಗುರುತಿಸುವುದು ಹೆಚ್ಚು ಎಂದು 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ತೋರಿಸಿದರು. ಕಾರಣ ಸರಳ: ನಮ್ಮ ಪದಸಂಪತ್ತು ಸೀಮಿತ, ವಾಕ್ಯಗಳು ಊಹಿಸಬಹುದಾದಂಥವು, ಯಂತ್ರದ್ದೂ ಹಾಗೇ. ಆದ್ದರಿಂದ ಮೊದಲ ದಿನದಿಂದಲೇ ಗೂಗಲ್ ಡಾಕ್ಸ್‌ನಲ್ಲಿ ಬರೆಯಿರಿ, ಅದು ನೀವು ಯಾವಾಗ, ಏನು ಬದಲಿಸಿದಿರಿ ಎಂಬ ಚರಿತ್ರೆಯನ್ನು ಇಟ್ಟಿರುತ್ತದೆ. ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಗೀಚಿಕೊಂಡ ಟಿಪ್ಪಣಿಯನ್ನೂ ಎಸೆಯಬೇಡಿ. ಯಾರಾದರೂ ಬೆರಳು ತೋರಿಸಿದರೆ ಅವೇ ನಿಮ್ಮ ಸಾಕ್ಷಿ. ಅಂದಹಾಗೆ, ಮೊದಲು ಕನ್ನಡದಲ್ಲಿ ಯೋಚಿಸಿ ಗೀಚಿಕೊಳ್ಳುವುದು ತಪ್ಪಲ್ಲ. ಅದನ್ನು ವಾಕ್ಯಕ್ಕೆ ವಾಕ್ಯ ಇಂಗ್ಲಿಷಿಗೆ ತಿರುಗಿಸಲು ಹೊರಟರೆ ಮಾತ್ರ ಕೊಬ್ಬರಿ ರೇಟು ಮತ್ತೆ ಮುಂದೆ ಬಂದು ಕೂರುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ, ರಿಜಿಸ್ಟ್ರಾರ್ ಒಪ್ಪಿದ ಪಕ್ಷದಲ್ಲಿ ಕಾಂಪೋಸಿಷನ್ ಒಂದನ್ನು ಸ್ವಂತ ಗತಿಯಲ್ಲಿ ಮಾಡುತ್ತಿದ್ದೆ. ಹದಿಮೂರು ವಾರ, ಬೆಳಿಗ್ಗೆ ಮಕ್ಕಳ ಬಸ್ಸು ಹೊರಟ ಮೇಲೆ ದಿನಕ್ಕೆ ಎರಡು ಗಂಟೆ, ಕ್ಯಾಲೆಂಡರಿನಲ್ಲಿ ಪ್ರತಿ ಪ್ರಬಂಧಕ್ಕೂ ನಾನೇ ಹಾಕಿಕೊಂಡ ತಾರೀಖು. ಯಾರೂ ನೋಡದ ಹಾಗೆ ತಪ್ಪು ಮಾಡುವ ಸ್ವಾತಂತ್ರ್ಯ, ಬಹಳ ದಿನ ಓದು ಬಿಟ್ಟವರಿಗೆ ಸಣ್ಣ ವಿಷಯವಲ್ಲ. ಎರಡನೆಯದಕ್ಕೆ ಮಾತ್ರ ಕಮ್ಯುನಿಟಿ ಕಾಲೇಜಿನ ತರಗತಿಗೇ ಹೋಗುತ್ತಿದ್ದೆ. ಅದು ಸಂಶೋಧನಾ ಪ್ರಬಂಧದ ಕೋರ್ಸು. ಆಧಾರ ಹುಡುಕುವುದು, ಯಾವುದನ್ನು ನಂಬಬಹುದೆಂದು ಅಳೆಯುವುದು, ಪ್ರತಿಯೊಂದಕ್ಕೂ ಟಿಪ್ಪಣಿ ಬರೆಯುವುದು, ಬೇರೆಯವರ ಮಾತನ್ನು ನಮ್ಮ ಮಾತಿನಲ್ಲಿ ಹೇಳಿ ಅವರ ಹೆಸರು ಹಾಕುವುದು. ಗೈಡ್ ನೋಡಿ ಬರೆದು ಬೆಳೆದ ನಮಗೆ ಕೃತಿಚೌರ್ಯದ ಗೆರೆ ಎಲ್ಲಿದೆ ಎಂದೇ ಕಾಣುವುದಿಲ್ಲ. ಅದನ್ನು ತೋರಿಸಲು ಎದುರಿಗೆ ಒಬ್ಬ ಮನುಷ್ಯರು ಬೇಕು. ಲೈಬ್ರೇರಿಯನ್ ಕೂಡ ಅಲ್ಲಿ ಅರ್ಧ ಮೇಷ್ಟರೇ.

ಮಗಳ ವಿಷಯ. ಅವಳು ನಿಮ್ಮ ವಾಕ್ಯಗಳನ್ನು ಕೂತು ತಿದ್ದಿಕೊಟ್ಟರೆ ಅದು ಅವಳ ಬರಹವಾಗುತ್ತದೆ, ಕೋರ್ಸಿನ ನಿಯಮಕ್ಕೂ ವಿರುದ್ಧವಾದೀತು. ಅವಳು ಓದುಗಳಾದರೆ ಏನೂ ತಪ್ಪಿಲ್ಲ. ಪೆನ್ನು ಅವಳ ಕೈಗೆ ಕೊಡಬೇಡಿ. ಕರಡನ್ನು ನೀವೇ ಜೋರಾಗಿ ಓದಿ ಹೇಳಿ, ಆಮೇಲೆ ‘ಎಲ್ಲಿ ತಪ್ಪಿದೆ’ ಎಂದು ಕೇಳದೆ ‘ಅಮ್ಮ ಏನು ಹೇಳ್ತಿದ್ದಾಳೆ, ಒಂದೇ ಮಾತಲ್ಲಿ ಹೇಳು’ ಎಂದು ಕೇಳಿ. ಅವಳು ಹೇಳಿದ್ದೂ ನೀವು ಮೊದಲ ಪ್ಯಾರಾದಲ್ಲಿ ಬರೆದ ಥೀಸಿಸ್ಸೂ ಹೊಂದಿದರೆ ಕಳಿಸಿ. ಹೊಂದದಿದ್ದರೆ, ಅವಳು ಯಾವ ಜಾಗದಲ್ಲಿ ಕಿಟಕಿ ಕಡೆ ನೋಡತೊಡಗಿದಳು ಎಂದು ನೆನಪಿಸಿಕೊಂಡು ಅಲ್ಲಿಂದ ಮತ್ತೆ ಬರೆಯಿರಿ.